ಬರಿಗೈಯಲ್ಲಿ ಬಂದವರ ಮಾತು

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ವಾಟರ್‌ಲೂ ರೈಲು ನಿಲ್ದಾಣ. ಚಳಿಗಾಲದ ಒಂದು ಸಂಜೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿರುವಾಗ, ಕೆರಿಬಿಯನ್ ಕಡಲಿನ ಟ್ರಿನಿಡಾಡ್ ದ್ವೀಪದ ಮೋಸೆಸ್ ಎಂಬಾತ ಹಡಗಿನ ಪ್ರಯಾಣಿಕರನ್ನು ಕರೆತರುವ ರೈಲಿಗಾಗಿ ಕಾಯುತ್ತಿದ್ದಾನೆ. ಬರುವವನು ಅವನಿಗೆ ನೆಂಟನಲ್ಲ, ಸ್ನೇಹಿತನಲ್ಲ, ಮುಖಪರಿಚಯವೂ ಇಲ್ಲ. ಊರಿನವರ ಮಾತಿಗೆ ಬೇಡವೆನ್ನಲು ಮನಸ್ಸು ಬಾರದೆ ಬೆಚ್ಚಗಿನ ಹಾಸಿಗೆ ಬಿಟ್ಟು ಎದ್ದು ಬಂದಿದ್ದಾನೆ. ರೈಲಿನಿಂದ ಇಳಿದ ಯುವಕ ಆ ಕೊರೆಯುವ ಚಳಿಯಲ್ಲಿ ಬಿಸಿಲುನಾಡಿನ ತೆಳು ಸೂಟು ತೊಟ್ಟಿದ್ದಾನೆ, ಚಳಿಯೇ ಆಗುತ್ತಿಲ್ಲ ಎನ್ನುತ್ತಾನೆ. ಸಾಮಾನು ಎಲ್ಲಿ ಎಂದರೆ, ಜೇಬಿನಲ್ಲಿ ಹಲ್ಲುಜ್ಜುವ ಬ್ರಷ್ ಇದೆಯಲ್ಲ ಎನ್ನುತ್ತಾನೆ. ಈ ಧೈರ್ಯವನ್ನು ಕಂಡ ಮೋಸೆಸ್ ಅವನಿಗೆ ಅಲ್ಲೇ ‘ಸರ್ ಗ್ಯಾಲಹ್ಯಾಡ್’ ಎಂದು, ಇಂಗ್ಲಿಷರ ಹಳೆಯ ಕಥೆಗಳ ಧೀರ ಯೋಧನ ಹೆಸರನ್ನೇ, ಹೊಸ ಹೆಸರಾಗಿ ಇಡುತ್ತಾನೆ.

1956ರಲ್ಲಿ ಪ್ರಕಟವಾದ ಸ್ಯಾಮ್ ಸೆಲ್ವನ್ ಅವರ ‘ದಿ ಲೋನ್ಲಿ ಲಂಡನರ್ಸ್’ ಕಾದಂಬರಿ ತೆರೆದುಕೊಳ್ಳುವುದು ಹೀಗೆ. ವಲಸೆ ಮತ್ತು ಸಾಂಸ್ಕೃತಿಕ ಅಸ್ಮಿತೆ ಎಂಬ ಮಾತು ಬಂದಾಗಲೆಲ್ಲ ನನಗೆ ಆ ಬರಿಗೈಯ ಯುವಕನೇ ನೆನಪಾಗುತ್ತಾನೆ. ಹೊರನಾಡಿಗೆ ಹೋದವರು ತಮ್ಮ ಸಂಸ್ಕೃತಿಯನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋಗುತ್ತಾರೆ, ಅಲ್ಲಿ ಅದನ್ನು ಕಾಪಾಡಿಕೊಳ್ಳುತ್ತಾರೆ ಇಲ್ಲವೇ ಕಳೆದುಕೊಳ್ಳುತ್ತಾರೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಗ್ಯಾಲಹ್ಯಾಡ್ ಪೆಟ್ಟಿಗೆಯನ್ನೇ ತಂದಿಲ್ಲ. ಅವನು ತಂದಿರುವುದು ಬಾಯಿಯಲ್ಲಿರುವ ಮಾತು ಒಂದನ್ನೇ. ಆ ಮಾತನ್ನು ಆಡಲು, ಕೇಳಲು ಒಂದಿಷ್ಟು ಜನ ಸಿಕ್ಕಾಗ ಹೊಸ ಊರಿನಲ್ಲಿಯೇ ಒಂದು ಅಸ್ಮಿತೆ ಹುಟ್ಟುತ್ತದೆ ಎಂಬುದನ್ನು ಈ ಕಾದಂಬರಿಯಷ್ಟು ಚೆನ್ನಾಗಿ ತೋರಿಸಿಕೊಟ್ಟ ಕೃತಿ ವಸಾಹತೋತ್ತರ ಸಾಹಿತ್ಯದಲ್ಲಿ ಅಪರೂಪವೆಂದು ನಾನು ನಂಬಿದ್ದೇನೆ.

ಈ ಕಥೆಯ ಹಿಂದಿನ ಚರಿತ್ರೆಯನ್ನು ಸ್ವಲ್ಪ ನೆನೆಯೋಣ. 1948ರ ಜೂನ್ ತಿಂಗಳಲ್ಲಿ ‘ಎಂಪೈರ್ ವಿಂಡ್‌ರಶ್’ ಎಂಬ ಹಡಗು ಜಮೈಕಾದಿಂದ ನೂರಾರು ಜನರನ್ನು ಹೊತ್ತು ಲಂಡನ್ನಿನ ಬಳಿಯ ಟಿಲ್ಬರಿ ಬಂದರಿಗೆ ಬಂದಿತು. ಹಡಗಿನ ಕೆಳ ಅಂತಸ್ತಿನಲ್ಲಿ ಪ್ರಯಾಣಿಸಲು 28 ಪೌಂಡ್ ದರವೆಂದು ಜಮೈಕಾದ ಪತ್ರಿಕೆಯಲ್ಲಿ ಜಾಹೀರಾತು ಬಂದಿತ್ತು. ಅದೇ ವರ್ಷ ಬ್ರಿಟನ್ನಿನ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯತೆಯ ಕಾಯಿದೆ, ವಸಾಹತುಗಳ ಜನರಿಗೂ ಬ್ರಿಟನ್ನಿನ ಜನರಿಗೂ ಒಂದೇ ಪೌರತ್ವವನ್ನು ನೀಡಿತು. ಆದ್ದರಿಂದ ಬಂದವರು ತಮ್ಮನ್ನು ಪರದೇಶಿಗಳೆಂದು ತಿಳಿದಿರಲಿಲ್ಲ. ಶಾಲೆಯಲ್ಲಿ ‘ಮಾತೃದೇಶ’ ಎಂದು ಉರುಹಚ್ಚಿದ ನೆಲಕ್ಕೆ ಹಕ್ಕಿನಿಂದಲೇ ಬಂದೆವೆಂದು ತಿಳಿದಿದ್ದರು. ಹದಿನಾಲ್ಕೇ ವರ್ಷಗಳಲ್ಲಿ, 1962ರಲ್ಲಿ, ಆ ಬಾಗಿಲನ್ನು ಕಿರಿದಾಗಿಸುವ ಇನ್ನೊಂದು ಕಾಯಿದೆ ಬಂದಿತು. ಸೆಲ್ವನ್ನರ ಕಾದಂಬರಿ ಈ ಎರಡು ಕಾಯಿದೆಗಳ ನಡುವೆ, ಬಾಗಿಲು ತೆರೆದಿದ್ದರೂ ಒಳಗಿನವರ ಮುಖ ಬಿಗಿಯಾಗಿದ್ದ ಕಾಲದಲ್ಲಿ ನಿಂತಿದೆ.

ಸೆಲ್ವನ್ 1923ರಲ್ಲಿ ಟ್ರಿನಿಡಾಡಿನ ಸ್ಯಾನ್ ಫರ್ನಾಂಡೋ ಪಟ್ಟಣದಲ್ಲಿ ಹುಟ್ಟಿದವರು. ತಂದೆಯ ಮೂಲ ಮದ್ರಾಸು, ತಾಯಿ ಅರ್ಧ ಭಾರತೀಯಳು, ಅರ್ಧ ಸ್ಕಾಟ್ಲೆಂಡಿನವಳು. ಟ್ರಿನಿಡಾಡಿಗೆ ಭಾರತದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ಬಂದದ್ದು 1845ರಲ್ಲಿ. ಅಂದಿನಿಂದ 1917ರವರೆಗೆ ಲಕ್ಷಕ್ಕೂ ಹೆಚ್ಚು ಜನ ಅಲ್ಲಿನ ಕಬ್ಬಿನ ತೋಟಗಳಿಗೆ ಹೋದರು. ಹೀಗಾಗಿ ಲಂಡನ್ನಿಗೆ ಬರುವ ಮೊದಲೇ ಸೆಲ್ವನ್ ವಲಸೆಯ ಮಗನಾಗಿದ್ದರು. ಪಟ್ಟಣದ ಆಫ್ರಿಕನ್, ಯುರೋಪಿಯನ್, ಚೀನೀ ಮನೆತನಗಳ ಮಕ್ಕಳೊಡನೆ ಬೆರೆತು ಬೆಳೆದರು. ಮಹಾಯುದ್ಧದ ಕಾಲದಲ್ಲಿ ನೌಕಾದಳದ ಮೀಸಲು ಪಡೆಯಲ್ಲಿ ನಿಸ್ತಂತು ನಿರ್ವಾಹಕರಾಗಿದ್ದರು. 1950ರಲ್ಲಿ ಅವರು ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿಯೇ ಬಾರ್ಬಡೋಸ್‌ನ ಲೇಖಕ ಜಾರ್ಜ್ ಲ್ಯಾಮಿಂಗ್ ಕೂಡ ಇದ್ದರು.

ಬಾನುಲಿಯ ಕೇಳುಗರಿಗೆ ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಈ ತಲೆಮಾರಿನ ಕೆರಿಬಿಯನ್ ಲೇಖಕರು ತಮ್ಮ ತಮ್ಮ ದ್ವೀಪಗಳ ಆಚೆಗೆ ಒಬ್ಬರಿಗೊಬ್ಬರು ಪರಿಚಯವಾದದ್ದು ಬಹುಮಟ್ಟಿಗೆ ರೇಡಿಯೊದಿಂದ. ಜಮೈಕಾದ ಕವಯಿತ್ರಿ ಊನಾ ಮಾರ್ಸನ್ ಲಂಡನ್ನಿನ ಬಿಬಿಸಿಯಲ್ಲಿ ಆರಂಭಿಸಿದ ‘ಕೆರಿಬಿಯನ್ ವಾಯ್ಸಸ್’ ಎಂಬ ಕಾರ್ಯಕ್ರಮ 1943ರಿಂದ 1958ರವರೆಗೆ ನಡೆಯಿತು. ದ್ವೀಪಗಳಲ್ಲಿ ಬರೆದ ಕಥೆ ಕವಿತೆಗಳು ಅಂಚೆಯಲ್ಲಿ ಲಂಡನ್ನಿಗೆ ಹೋಗಿ, ಅಲ್ಲಿ ಓದಲ್ಪಟ್ಟು, ಗಾಳಿಯಲ್ಲಿ ದ್ವೀಪಗಳಿಗೇ ಮರಳುತ್ತಿದ್ದವು. ಟ್ರಿನಿಡಾಡಿನವನು ಜಮೈಕಾದ ಕಥೆಯನ್ನು ಕೇಳಲು ಲಂಡನ್ನಿನ ದಾರಿಯನ್ನೇ ಹಿಡಿಯಬೇಕಾಗಿತ್ತು. ನೆರೆಹೊರೆಯವರ ನಡುವಿನ ಮಾತೂ ಸಾಮ್ರಾಜ್ಯದ ರಾಜಧಾನಿಯನ್ನು ಹಾದು ಬರಬೇಕಾದ ಪರಿಸ್ಥಿತಿ ನೋವಿನದು. ಆದರೂ ಆ ಧ್ವನಿಗಳು ಕೇಳಿಸಿದವು, ಬರೆಯುವವರಿಗೆ ನಾಲ್ಕು ಕಾಸು ಸಿಕ್ಕಿತು, ಸೆಲ್ವನ್ನರ ಬರಹಗಳಿಗೂ ಅದು ವೇದಿಕೆಯಾಯಿತು.

ಕಾದಂಬರಿಗೆ ಮರಳೋಣ. ಮೋಸೆಸ್ ಮಾರನೆಯ ದಿನ ಗ್ಯಾಲಹ್ಯಾಡನಿಗೆ ಉದ್ಯೋಗ ವಿನಿಮಯ ಕಚೇರಿಯ ರೀತಿನೀತಿಗಳನ್ನು ತಿಳಿಸಿಕೊಡುತ್ತಾನೆ. ಅಲ್ಲಿ ಇವರ ಕಡತಗಳ ತಲೆಯ ಮೇಲೆ ಒಂದು ಗುರುತು ಇರುತ್ತದೆ: ಜಮೈಕಾದವನು, ಕರಿಯ. ನೀವು ಟ್ರಿನಿಡಾಡಿನವರಾಗಿರಿ, ಬಾರ್ಬಡೋಸಿನವರಾಗಿರಿ, ಆ ಗುರುತು ಒಂದೇ. ಅಂದು ವಾಟರ್‌ಲೂ ನಿಲ್ದಾಣದಲ್ಲಿಯೂ ಪತ್ರಿಕೆಯವನೊಬ್ಬ ಮೋಸೆಸ್‌ನನ್ನು ಜಮೈಕಾದಿಂದ ಈಗಷ್ಟೇ ಬಂದವನೆಂದು ತಿಳಿದು ಪ್ರಶ್ನಿಸುತ್ತಾನೆ. ಮೋಸೆಸ್ ಆ ಊರನ್ನು ಕಂಡವನೇ ಅಲ್ಲ. ಕಡಲಿನಲ್ಲಿ ಒಂದಕ್ಕೊಂದು ಸಾವಿರ ಮೈಲಿ ದೂರದ ದ್ವೀಪಗಳನ್ನು ಕಚೇರಿಯ ಶಾಯಿ ಒಂದೇ ಗೆರೆಯಲ್ಲಿ ಅಳಿಸಿಹಾಕುತ್ತದೆ.

ಆದರೆ ಅದೇ ಜನ ಪ್ರತಿ ಭಾನುವಾರ ಬೆಳಿಗ್ಗೆ ಮೋಸೆಸ್‌ನ ಬಾಡಿಗೆ ಕೋಣೆಯಲ್ಲಿ ಸೇರುತ್ತಾರೆ. ಟ್ರಿನಿಡಾಡಿನವರು, ಜಮೈಕಾದವರು, ನೈಜೀರಿಯದಿಂದ ಬಂದವನೊಬ್ಬ. ಹೇಳಿಕೊಳ್ಳುವಂಥ ಕೆಲಸವೇನೂ ಇರುವುದಿಲ್ಲ. ಯಾರಿಗೆ ಕೆಲಸ ಸಿಕ್ಕಿತು, ಯಾರು ಮನೆಯೊಡತಿಗೆ ಬಾಡಿಗೆ ಕೊಡದೆ ತಪ್ಪಿಸಿಕೊಂಡ, ಊರಿನಲ್ಲಿ ಇಂಥವನು ಏನಾದ ಎಂದು ಹರಟುತ್ತಾರೆ. ಗುಡಿಗೆ ಹೋದಂತೆ, ಪಾಪನಿವೇದನೆಗೆ ಹೋದಂತೆ ಬರುತ್ತಾರೆ. ಹೊರಗಿನವರು ತಿರಸ್ಕಾರದಿಂದ ಅಂಟಿಸಿದ ಒಂದೇ ಚೀಟಿಯನ್ನು ಒಳಗಿನವರು ಪ್ರೀತಿಯಿಂದ ತಮ್ಮದೇ ಹೆಸರನ್ನಾಗಿ ಮಾಡಿಕೊಳ್ಳುವುದು ಈ ಕೋಣೆಯಲ್ಲಿ. ತನ್ನ ತಲೆಮಾರಿನ ಬಹುಪಾಲು ವೆಸ್ಟ್ ಇಂಡಿಯನ್ನರು, ಎಂದರೆ ಈ ಕೆರಿಬಿಯನ್ ದ್ವೀಪಗಳವರು, ಹುಟ್ಟಿದ್ದೇ ಇಂಗ್ಲೆಂಡಿನಲ್ಲಿ ಎಂದು ಲ್ಯಾಮಿಂಗ್ 1960ರಲ್ಲಿ ಬರೆದದ್ದು ಇದೇ ಅರ್ಥದಲ್ಲಿ. ರಾಜಕೀಯವಾಗಿ ಈ ದ್ವೀಪಗಳು 1958ರಲ್ಲಿ ಒಂದು ಒಕ್ಕೂಟವಾದವು, 1962ರಲ್ಲಿ ಆ ಒಕ್ಕೂಟ ಒಡೆದುಹೋಯಿತು. ನಾಯಕರು ನಾಲ್ಕು ವರ್ಷ ಹಿಡಿದಿಡಲಾರದ ಒಗ್ಗಟ್ಟು, ಮೋಸೆಸ್‌ನ ಕೋಣೆಯ ಗ್ಯಾಸ್ ಒಲೆಯ ಸುತ್ತ, ಹರಟೆಯಲ್ಲಿ ಉಳಿದುಕೊಂಡಿತು.

ಸೆಲ್ವನ್ನರ ದೊಡ್ಡ ಸಾಧನೆ ಈ ಹರಟೆಯ ನುಡಿಯನ್ನು ಕಾದಂಬರಿಯ ನುಡಿಯನ್ನಾಗಿ ಮಾಡಿದ್ದು. ಮೊದಲು ಅವರು ಇದನ್ನು ಶಿಷ್ಟ ಇಂಗ್ಲಿಷಿನಲ್ಲಿ ಬರೆಯಲು ಹೊರಟರು, ಅದು ಮುಂದೆ ಸಾಗಲಿಲ್ಲ ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಪಾತ್ರಗಳ ಬಾಯಿಗೆ ಆಡುಮಾತು, ಲೇಖಕನಿಗೆ ಶಿಷ್ಟ ಭಾಷೆ ಎಂಬ ಹಂಚಿಕೆಯಲ್ಲಿ ಒಂದು ಮೇಲುಕೀಳು ಅಡಗಿದೆ. ಲೇಖಕ ಮೆಟ್ಟಿಲ ಮೇಲೆ ನಿಂತು ಕೆಳಗಿನವರನ್ನು ತೋರಿಸಿದಂತೆ ಆಗುತ್ತದೆ. ಸೆಲ್ವನ್ ಆ ಮೆಟ್ಟಿಲನ್ನು ಇಳಿದರು. ಕಥೆ ಹೇಳುವವನೂ ಟ್ರಿನಿಡಾಡಿನ ಇಂಗ್ಲಿಷಿನಲ್ಲಿಯೇ, ಕಾಲಕ್ಕೆ ತಕ್ಕಂತೆ ಕ್ರಿಯಾಪದವನ್ನು ಬದಲಿಸದ ಆ ನುಡಿಯಲ್ಲಿಯೇ ಹೇಳುತ್ತಾನೆ. ಅದನ್ನು ಅವರು ಹೊರಗಿನ ಓದುಗರಿಗೆ ತಿಳಿಯುವಷ್ಟು ಹದಮಾಡಿಕೊಂಡರು. ಲಂಡನ್ನಿನ ಬೇಸಿಗೆಯನ್ನು ವರ್ಣಿಸುವಾಗಲಂತೂ ಪುಟಗಟ್ಟಲೆ ಒಂದು ವಿರಾಮ ಚಿಹ್ನೆಯೂ ಇಲ್ಲದೆ ಮಾತು ಹರಿಯುತ್ತದೆ. ಇದನ್ನು ಕನ್ನಡಕ್ಕೆ ತರುವುದಾದರೆ ಯಾವ ಕನ್ನಡಕ್ಕೆ ತರಬೇಕು ಎಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ‘ಕುಸುಮಬಾಲೆ’ಯಲ್ಲಿ ನಿರೂಪಣೆಯನ್ನೇ ಆಡುನುಡಿಗೆ ಒಪ್ಪಿಸಿದ ದೇವನೂರ ಮಹಾದೇವರನ್ನು ಓದಿದ ನಮಗೆ ಆ ಧೈರ್ಯದ ಬೆಲೆ ತಿಳಿದಿದೆ. ಆದರೆ ಆಡುನುಡಿಯೊಂದು ತನ್ನ ಊರನ್ನು ಬಿಟ್ಟು ಪರನಗರದ ಬೀದಿಗಳಿಗೆ ಹೆಸರಿಡುತ್ತ ನಡೆಯುವ ಅನುಭವವನ್ನು ಯಾವುದೇ ಒಂದು ಸೀಮೆಯ ಕನ್ನಡದಲ್ಲಿ ಕೂರಿಸುವುದು ಸುಲಭವಲ್ಲ.

ಆ ನುಡಿ ನಗರವನ್ನೂ ಬದಲಿಸುತ್ತದೆ. ಟ್ಯಾಂಟಿ ಎಂಬ ಮುದುಕಿ ಹ್ಯಾರೋ ರಸ್ತೆಯ ಬಳಿ ವಾಸವಾಗಿದ್ದಾಳೆ. ಮನೆಯ ಹತ್ತಿರದ ಅಂಗಡಿಯವನಿಗೆ ಆಕೆ, ನಮ್ಮ ಊರಿನಲ್ಲಿ ಸಾಮಾನನ್ನು ಉದ್ದರಿ ಕೊಡುತ್ತಾರೆ, ವಾರದ ಕೊನೆಯಲ್ಲಿ ಲೆಕ್ಕ ಚುಕ್ತಾ ಮಾಡುತ್ತೇವೆ, ನೀನೂ ಹಾಗೆಯೇ ಮಾಡು ಎನ್ನುತ್ತಾಳೆ. ಇಂಗ್ಲಿಷ್ ಅಂಗಡಿಯವನು ಕೊನೆಗೆ ಲೆಕ್ಕದ ಪುಸ್ತಕ ಇಡುತ್ತಾನೆ. ಗ್ಯಾಲಹ್ಯಾಡ್‌ನ ಪಾಡು ಬೇರೆ. ಚೇರಿಂಗ್ ಕ್ರಾಸ್, ಪಿಕಡಿಲಿ ಸರ್ಕಸ್ ಎಂಬ ಲಂಡನ್ನಿನ ಸ್ಥಳಗಳ ಹೆಸರುಗಳನ್ನು ಉಚ್ಚರಿಸುವುದರಲ್ಲೇ ಅವನಿಗೆ ರೋಮಾಂಚನ. ಅಂಥವನು ಒಂದು ರಾತ್ರಿ ತನ್ನ ಕೈಯನ್ನೇ ನೋಡುತ್ತ, ಆ ಕೈಯ ಬಣ್ಣದೊಡನೆ ಮಾತಿಗಿಳಿಯುತ್ತಾನೆ. ಜನ ದ್ವೇಷಿಸುವುದು ನಮ್ಮನ್ನಲ್ಲ, ಈ ಬಣ್ಣವನ್ನು ಎಂಬ ತೀರ್ಮಾನಕ್ಕೆ ಬಂದು, ತಪ್ಪೆಲ್ಲ ನಿನ್ನದೇ ಎಂದು ಬಣ್ಣವನ್ನು ದೂರುತ್ತಾನೆ. ತನ್ನ ಚರ್ಮವನ್ನೇ ಎದುರಾಳಿಯಾಗಿ ಕೂರಿಸಿಕೊಂಡು ನ್ಯಾಯ ಕೇಳುವ ಈ ಪುಟವನ್ನು ಎಷ್ಟು ಬಾರಿ ಓದಿದರೂ ನನ್ನ ಎದೆ ಭಾರವಾಗುತ್ತದೆ.

ಸೆಲ್ವನ್ನರ ಕೋಣೆಗೆ ಒಂದು ಮಿತಿಯಿದೆ. ಅದು ಗಂಡಸರ ಕೋಣೆ. ಟ್ಯಾಂಟಿಯನ್ನು ಬಿಟ್ಟರೆ ಹೆಣ್ಣಿನ ಮಾತು ಅಲ್ಲಿ ಕೇಳಿಸುವುದು ಕಡಿಮೆ, ಹೆಣ್ಣಿನ ಬಗೆಗಿನ ಮಾತೂ ಒರಟು. ಆ ಕೊರತೆಯನ್ನು 1962ರಲ್ಲಿ ಲಂಡನ್ನಿಗೆ ಬಂದ ನೈಜೀರಿಯದ ಬುಚಿ ಎಮೆಚೆಟಾ ತಮ್ಮ ‘ಸೆಕೆಂಡ್ ಕ್ಲಾಸ್ ಸಿಟಿಜನ್’ ಕಾದಂಬರಿಯಲ್ಲಿ ತುಂಬಿದರು. ಅದು ಪ್ರಕಟವಾದದ್ದು 1974ರಲ್ಲಿ. ಅದರ ನಾಯಕಿ ಅಡಾ ಬಾಡಿಗೆ ಮನೆಗಾಗಿ ಫೋನು ಮಾಡುವಾಗ ಮೂಗಿನ ಹೊಳ್ಳೆಗಳನ್ನು ಒತ್ತಿ ಹಿಡಿದು ಮಾತನಾಡುತ್ತಾಳೆ. ತನ್ನ ದನಿಯಿಂದ ತನ್ನ ನಾಡು ಗೊತ್ತಾಗಬಾರದು ಎಂದು ಅದನ್ನು ಮೊದಲೇ ಅಭ್ಯಾಸ ಮಾಡಿಕೊಂಡಿರುತ್ತಾಳೆ. ಮುಂದೆ ಅವಳು ಬರೆದ ಹಸ್ತಪ್ರತಿಯನ್ನು ಅವಳ ಗಂಡನೇ ಸುಟ್ಟುಹಾಕುತ್ತಾನೆ. ಹೊರಗೆ ದನಿಯನ್ನು ಅಡಗಿಸಬೇಕು, ಒಳಗೆ ಬರಹವನ್ನು ಕಳೆದುಕೊಳ್ಳಬೇಕು. ವಲಸೆ ಬಂದ ಹೆಣ್ಣಿಗೆ ಭಾನುವಾರದ ಕೋಣೆ ಇರಲಿಲ್ಲ.

ಇನ್ನು ಮೈಸೂರಿನ ಒಬ್ಬ ಮಗಳ ಮಾತು. ಕಮಲಾ ಮಾರ್ಕಂಡೇಯ ಅವರು 1924ರಲ್ಲಿ ಮೈಸೂರಿನಲ್ಲಿ ಹುಟ್ಟಿ, ವಿಂಡ್‌ರಶ್ ಹಡಗು ಬಂದ 1948ರಲ್ಲಿಯೇ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ನಮ್ಮ ಕಾಲೇಜುಗಳಲ್ಲಿ ಅವರ ಮೊದಲ ಕಾದಂಬರಿಯನ್ನಷ್ಟೇ ಹೆಚ್ಚಾಗಿ ಓದುತ್ತಾರೆ. 1972ರ ‘ದಿ ನೋವೇರ್ ಮ್ಯಾನ್’ ಅದಕ್ಕಿಂತ ಗಟ್ಟಿಯಾದ ಕೃತಿಯೆಂಬುದು ನನ್ನ ಅಭಿಪ್ರಾಯ. ಅದರ ಶ್ರೀನಿವಾಸ ದಕ್ಷಿಣ ಭಾರತದ ಬ್ರಾಹ್ಮಣ, ದಕ್ಷಿಣ ಲಂಡನ್ನಿನಲ್ಲಿ ಸ್ವಂತ ಮನೆ ಮಾಡಿಕೊಂಡು ದಶಕಗಳನ್ನು ಕಳೆದವನು. ಒಬ್ಬ ಮಗನನ್ನು ಯುದ್ಧದಲ್ಲಿ ಕಳೆದುಕೊಂಡಿದ್ದಾನೆ. ಹೆಂಡತಿ ವಸಂತಾ ತೀರಿಕೊಂಡಾಗ ಅವಳ ಚಿತಾಭಸ್ಮವನ್ನು ಥೇಮ್ಸ್ ನದಿಯಲ್ಲಿ ಬಿಟ್ಟಿದ್ದಾನೆ. ಒಂದು ನದಿಗೆ ಅಸ್ಥಿ ಬಿಟ್ಟವನಿಗೆ ಆ ನೆಲ ಪರದೇಶವಾಗಿ ಉಳಿಯುವುದೆಂತು? ಇದೇ ತನ್ನ ದೇಶವೆಂದು ಅವನು ನಂಬಿದ್ದಾನೆ. 1968ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಂಸದ ಈನಕ್ ಪವೆಲ್ ವಲಸಿಗರ ವಿರುದ್ಧ ಮಾಡಿದ ಭಾಷಣ ದೇಶವನ್ನೇ ಕಲಕಿದ ಆ ವರ್ಷ, ನೆರೆಮನೆಯ ಯುವಕ ಫ್ರೆಡ್ ಈ ಮುದುಕನಲ್ಲಿ ತನ್ನೆಲ್ಲ ಕಷ್ಟಗಳ ಕಾರಣವನ್ನು ಕಾಣುತ್ತಾನೆ, ನಿನ್ನ ದೇಶಕ್ಕೆ ಹೋಗು ಎನ್ನುತ್ತಾನೆ, ಕೊನೆಗೆ ಮನೆಗೆ ಬೆಂಕಿ ಹಚ್ಚುತ್ತಾನೆ.

ಗ್ಯಾಲಹ್ಯಾಡನ ಬಳಿ ಇಲ್ಲದ್ದೆಲ್ಲ ಶ್ರೀನಿವಾಸನಿಗೆ ಇದೆ: ಮನೆ, ವ್ಯಾಪಾರ, ನಗರದೊಡನೆ ಅರ್ಧ ಆಯುಷ್ಯದ ಒಡನಾಟ, ಕಷ್ಟಕ್ಕೆ ಆದ ಮಿಸೆಸ್ ಪಿಕರಿಂಗ್ ಎಂಬ ಇಂಗ್ಲಿಷ್ ಮಹಿಳೆಯ ಅಂತಃಕರಣ. ಆದರೆ ವಸಂತಾ ಹೋದ ಮೇಲೆ ಅವನ ನುಡಿಯಲ್ಲಿ ಮಾತನಾಡುವವರು ಆ ಮನೆಯಲ್ಲಿ ಯಾರೂ ಇಲ್ಲ. ಮಾರ್ಕಂಡೇಯರ ಇಂಗ್ಲಿಷ್ ನುಣುಪಾದದ್ದು, ಶಿಷ್ಟವಾದದ್ದು. ಶ್ರೀನಿವಾಸನ ಮನಸ್ಸಿನ ಮಾತೆಲ್ಲ ಅದರಲ್ಲಿಯೇ ಬರುತ್ತದೆ. ಮೊದಲ ಓದಿನಲ್ಲಿ ನನಗೆ ಇದು ಕೊರತೆಯೆಂದು ತೋರಿತ್ತು. ಈಗ ಹಾಗೆನ್ನಿಸುವುದಿಲ್ಲ. ತನ್ನ ಭಾಷೆಯನ್ನು ಕೇಳುವ ಕಿವಿಯನ್ನೇ ಕಳೆದುಕೊಂಡವನ ಒಳಮನಸ್ಸು ನೆರೆಯವರ ಭಾಷೆಯಲ್ಲಿಯೇ ನಡೆಯುತ್ತಿದೆ, ಆ ನೆರೆಯವರೇ ಅವನನ್ನು ಹೊರಗಿನವನೆನ್ನುತ್ತಿದ್ದಾರೆ. ಆ ನುಣುಪಾದ ವಾಕ್ಯಗಳ ಅಡಿಯಲ್ಲಿರುವ ಮೌನವೇ ಆ ಕಾದಂಬರಿಯ ಒಂಟಿತನ.

ಸೆಲ್ವನ್ನರ ಪುಸ್ತಕವೂ ಒಂಟಿತನವನ್ನು ಹೆಸರಿನಲ್ಲಿಯೇ ಹೊತ್ತಿದೆ. ಕೋಣೆ ತುಂಬ ಜನರಿದ್ದರೂ ಮೋಸೆಸ್ ಒಂಟಿ. ವರ್ಷ ವರ್ಷವೂ ಊರಿಗೆ ಮರಳುತ್ತೇನೆ ಎನ್ನುತ್ತಾನೆ, ಮರಳುವುದಿಲ್ಲ. ಕೊನೆಯ ಪುಟದಲ್ಲಿ ಒಂದು ಬೇಸಿಗೆಯ ರಾತ್ರಿ ಥೇಮ್ಸ್ ನದಿಯ ದಂಡೆಯಲ್ಲಿ, ಮುಂದೆ ಮಾರ್ಕಂಡೇಯರ ಮುದುಕ ಹೆಂಡತಿಯ ಬೂದಿಯನ್ನು ತಂದು ಬಿಡಲಿದ್ದ ಅದೇ ನದಿಯ ದಂಡೆಯಲ್ಲಿ, ಅವನು ನಿಂತಿದ್ದಾನೆ. ತನ್ನ ಹುಡುಗರೆಲ್ಲ ನಗುತ್ತಾರೆ, ಅಳಬಾರದೆಂದು ನಗುತ್ತಾರೆ ಎಂದು ಯೋಚಿಸುತ್ತಾನೆ. ಫ್ರಾನ್ಸಿನಲ್ಲಿ ಟ್ಯಾಕ್ಸಿ ಓಡಿಸುವವರು, ಬೀದಿ ಗುಡಿಸುವವರು ಕೂಡ ಪುಸ್ತಕ ಬರೆಯುತ್ತಿದ್ದಾರಂತೆ ಎಂದು ಸ್ನೇಹಿತನೊಬ್ಬ ಹೇಳಿದ್ದು ಅವನಿಗೆ ನೆನಪಾಗುತ್ತದೆ. ನೀರನ್ನು ನೋಡುತ್ತ, ತಾನೂ ಎಂದಾದರೂ ಹಾಗೊಂದು ಪುಸ್ತಕವನ್ನು ಬರೆಯಬಲ್ಲೆನೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಅವನು ಹಾಗೆ ಕೇಳಿಕೊಳ್ಳುವ ಹೊತ್ತಿಗೆ, ಅವನದೇ ಮಾತಿನಲ್ಲಿ ಬರೆದ ಆ ಪುಸ್ತಕ ನಮ್ಮ ಕೈಯಲ್ಲಿ ಮುಗಿಯುತ್ತಿರುತ್ತದೆ.

ನಮಸ್ಕಾರ.