ದೂರದ ಭೂಕಂಪ, ನಿಧಾನದ ಅಲೆ

ಕೇಳುಗರಿಗೆ ನಮಸ್ಕಾರ. ಭೂಕಂಪ ಆಯಿತು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: "ರಿಕ್ಟರ್ ಎಷ್ಟು?" ಇವತ್ತು ದಯವಿಟ್ಟು ಅದನ್ನು ಪಕ್ಕಕ್ಕಿಡಿ. ನೆಲ ಎಷ್ಟು ನಿಧಾನವಾಗಿ ತೂಗಿತು ಅಂತ ಕೇಳಿ. ನಿಧಾನ ಅಂದರೆ ಅಲೆ ಬರುವ ವೇಗವಲ್ಲ, ತೂಗುವ ಲಯ.

ಸೆಕೆಂಡಿಗೆ ಹಲವು ಸಲ ನಡುಗಿಸುವ ಚುರುಕಿನ ಅಲೆಗಳನ್ನು ದಾರಿಯ ಬಂಡೆಗಳೇ ನುಂಗಿಬಿಡುತ್ತವೆ. ಪಕ್ಕದೂರಿನ ಜಾತ್ರೆಯ ತಾಳ ನಮಗೆ ಕೇಳಿಸುವುದಿಲ್ಲ, ಡೊಳ್ಳು ಮಾತ್ರ ಕೇಳಿಸುತ್ತದಲ್ಲ, ಹಾಗೆ. ದೂರ ಹೆಚ್ಚಿದಷ್ಟೂ ಉಳಿಯುವುದು ನಿಧಾನದ ಅಲೆಯೇ.

ಮೆಕ್ಸಿಕೊ ನಗರದ ಕಥೆ ಹೇಳಲೇಬೇಕು. 1985ರ ಸೆಪ್ಟೆಂಬರ್ 19, ಬೆಳಗ್ಗೆ 7 ಗಂಟೆ 17 ನಿಮಿಷ. ಪೆಸಿಫಿಕ್ ಕರಾವಳಿಯಲ್ಲಿ 8ರ ಪ್ರಮಾಣದ ಭೂಕಂಪ. ಘೋರ ಅನಾಹುತ ಆದದ್ದು ಮಾತ್ರ ಸುಮಾರು 350 ಕಿ.ಮೀ. ದೂರದ ರಾಜಧಾನಿಯಲ್ಲಿ! ಆ ನಗರದ ನಡುಭಾಗ ನಿಂತಿರುವುದು ಒಂದು ಕಾಲಕ್ಕೆ ಇದ್ದ ಟೆಕ್ಸ್‌ಕೊಕೊ ಸರೋವರದ ಜೇಡಿಮಣ್ಣಿನ ಮೇಲೆ. ಆ ಮಣ್ಣಿಗೆ ತನ್ನದೇ ಲಯವಿದೆ, ಎರಡು ಸೆಕೆಂಡಿಗೊಂದು ತೂಗು. ದೂರದಿಂದ ಬಂದ ಅಲೆಯಲ್ಲೂ ಅದೇ ಲಯ ಇತ್ತು. ಲಯಕ್ಕೆ ಸರಿಯಾಗಿ ತಳ್ಳಿದರೆ ಉಯ್ಯಾಲೆ ಜೋರಾಗುತ್ತದಲ್ಲ, ಹಾಗೆ ತೂಗಾಟ ಬೆಳೆಯಿತು. ಅಲ್ಲಿ ಕಂಪನಮಾಪಕ ಬರೆದ ದಾಖಲೆಯ ಪಟ್ಟಿ ನೋಡಿ: ಒಂದರ ಹಿಂದೊಂದು ಅಲೆ, ಎಲ್ಲವೂ ಎರಡೆರಡು ಸೆಕೆಂಡಿನವು. ಅದೇ ನಗರದ ಗುಡ್ಡದ ಕಡೆ, ಗಟ್ಟಿ ನೆಲದಲ್ಲಿ, ಅಲುಗಾಟ ಅದರ ಐದನೇ ಒಂದು ಪಾಲಿನಷ್ಟು. ಬಿದ್ದವುಗಳಲ್ಲಿ ಹೆಚ್ಚಿನವು ಆರರಿಂದ ಹದಿನೈದು ಮಹಡಿಯ ಕಟ್ಟಡಗಳು. ಬಿರುಕು ಬಿಡುತ್ತ ಬಿಡುತ್ತ ಅವುಗಳ ತೂಗಾಟವೂ ನಿಧಾನವಾಗಿ, ಮಣ್ಣಿನ ಲಯಕ್ಕೇ ಬಂದು ಸೇರಿತು. ಸಾವಿರಾರು ಜನ ಸತ್ತರು. ಪಕ್ಕದ ಗಿಡ್ಡ ಮನೆಗಳು ಎಷ್ಟೋ ಉಳಿದವು. 44 ಮಹಡಿಯ ಲ್ಯಾಟಿನೊಅಮೆರಿಕಾನಾ ಗೋಪುರವೂ ನಿಂತಿತು, ಅದರ ಲಯವೇ ಬೇರೆ.

ಸಮಯ ಓಡುತ್ತಿದೆ, ಉಳಿದದ್ದು ಬೇಗ ಹೇಳುತ್ತೇನೆ. 2001ರಲ್ಲಿ ಭುಜ್ ನಡುಗಿದಾಗ ಅಷ್ಟು ದೂರದ ಅಹಮದಾಬಾದಿನಲ್ಲಿ ಕುಸಿದದ್ದು ಬಹುಮಹಡಿ ಕಟ್ಟಡಗಳು. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿ ಸಮುದ್ರದಡಿ ಭೂಕಂಪವಾದಾಗ, ಸುಮಾರು 2000 ಕಿ.ಮೀ. ಆಚೆ ನಮ್ಮ ಬೆಂಗಳೂರಿನ ಎತ್ತರದ ಕಚೇರಿಗಳಿಂದ ಜನ ಕೆಳಗೆ ಓಡಿಬಂದರು. ನಿಧಾನದ ಅಲೆ, ಎತ್ತರದ ಕಟ್ಟಡ!

ಬೆಂಗಳೂರು ಬಂಡೆಯ ಮೇಲಿದೆ, ನಮಗೇನು ಅನ್ನುವವರು ಬಹಳ. ಕೆರೆ ಮುಚ್ಚಿ ಎಬ್ಬಿಸಿದ ಬಡಾವಣೆಗಳ ಕೆಳಗೂ ಬಂಡೆಯೇ ಮೇಲಕ್ಕೆ ಬಂದಿದೆಯೇ? ಕಟ್ಟಡ ಒಂದು ಸಲ ತೂಗಲು ಹತ್ತು ಮಹಡಿಗೆ ಸುಮಾರು ಒಂದು ಸೆಕೆಂಡು, ಇಪ್ಪತ್ತಕ್ಕೆ ಎರಡು, ಇಷ್ಟು ನೆನಪಿಡಿ. ಫ್ಲ್ಯಾಟ್ ಕೊಳ್ಳುವ ಮುಂಚೆ ಎಂಜಿನಿಯರನ್ನು ಕೇಳಿ: ಕಟ್ಟಡ ಒಂದು ಸಲ ತೂಗಲು ಎಷ್ಟು ಸೆಕೆಂಡು, ಅಡಿಯ ಮಣ್ಣಿಗೆ ಎಷ್ಟು? ಎರಡೂ ಅಂಕಿ ಅವರ ಬಳಿ ಇರಲೇಬೇಕು. ನಮಸ್ಕಾರ.