ಗುಹೆಗೆ ಅವಸರವಿಲ್ಲ

ಸ್ನೇಹಿತರೆ, ಮೂರು ದಿನದಿಂದ ಗುಹೆಯ ಸಿನಿಮಾಗಳನ್ನೇ ನೋಡಿ ನಿಮ್ಮ ಕಣ್ಣು ಕತ್ತಲೆಗೆ ಒಗ್ಗಿರಬೇಕು. ಕಥೆಗಳನ್ನು ಮತ್ತೆ ಹೇಳುತ್ತಾ ಕೂರುವುದಿಲ್ಲ. ನನ್ನದು ಒಂದೇ ತಕರಾರು. ಈ ಚಿತ್ರಗಳಲ್ಲಿ ಗುಹೆ ವಿಪರೀತ ಅವಸರದಲ್ಲಿರುತ್ತದೆ. ಚಾವಣಿ ಕುಸಿಯುವುದು, ಹಗ್ಗ ಹರಿಯುವುದು, ನೀರು ನುಗ್ಗುವುದು, ಎಲ್ಲ ಹತ್ತು ನಿಮಿಷದೊಳಗೆ. ನಿಜವಾದ ಗುಹೆಗೆ ಅಂಥ ಅವಸರ ಇಲ್ಲ. ಮನುಷ್ಯನನ್ನು ಚಳಿಗೆ, ದಣಿವಿಗೆ, ಕೆಟ್ಟ ಗಾಳಿಗೆ, ತಪ್ಪಿದ ಲೆಕ್ಕಕ್ಕೆ ಒಪ್ಪಿಸಿ ಅದು ತನ್ನ ಪಾಡಿಗೆ ಇರುತ್ತದೆ.

ಫ್ಲಾಯ್ಡ್ ಕಾಲಿನ್ಸ್‌ನಿಂದಲೇ ಶುರು ಮಾಡುತ್ತೇನೆ. ಅವನು ಅಮೆರಿಕದ ಗುಹೆ ಶೋಧಕ. 1925ರ ಜನವರಿ 30, ಕೆಂಟಕಿಯ ಸ್ಯಾಂಡ್ ಕೇವ್. ಇಕ್ಕಟ್ಟು ಸಂದಿಯಲ್ಲಿ ತೆವಳಿಕೊಂಡು ಹೊರಬರುತ್ತಿದ್ದಾಗ ಒಂದು ಕಲ್ಲು ಜಾರಿ ಅವನ ಪಾದವನ್ನು ಹಿಡಿದುಬಿಟ್ಟಿತು. ಆಮೇಲೆ ತೂಗಿದರೆ ಆ ಕಲ್ಲು ಸುಮಾರು 12 ಕಿಲೋ. ಹನ್ನೆರಡು! ಯಾವ ನಿರ್ಮಾಪಕನಾದರೂ ಒಪ್ಪುತ್ತಾನೆಯೇ? ಅವನಿಗೆ ಕ್ರೇನ್ ತರಿಸಬೇಕಾದ ಬಂಡೆಯೇ ಆಗಬೇಕು. ಆದರೆ ಕಷ್ಟ ಇದ್ದದ್ದು ತೂಕದಲ್ಲಿ ಅಲ್ಲ, ಜಾಗದಲ್ಲಿ. ನೆರವಿಗೆ ಹೋದವರು ತಲೆ ಮುಂದೆ ಮಾಡಿ ಜಾರಿಕೊಂಡು ಇಳಿದರೆ ಕೈಗೆ ಸಿಗುವುದು ಕಾಲಿನ್ಸನ ತಲೆ, ಕಲ್ಲಿರುವುದು ಅವನ ಪಾದದ ಹತ್ತಿರ. ನಡುವೆ ದಾರಿಗೆ ಬಿರಟೆ ಹಾಕಿದ್ದು ಅವನದೇ ಮೈ. ಪಟ್ಟಿ ಕಟ್ಟಿ ಎಳೆದರು, ನೋವಿನಿಂದ ಕಿರುಚಿದ, ಬಿಟ್ಟರು. ಬಿಸಿಗೆಂದು ಒಂದು ವಿದ್ಯುತ್ ಬಲ್ಬ್ ಇಳಿಸಿದರು. ಸಣ್ಣ ಮೈಕಟ್ಟಿನ ವರದಿಗಾರ ಸ್ಕೀಟ್ಸ್ ಮಿಲ್ಲರ್ ಮತ್ತೆ ಮತ್ತೆ ಒಳಗೆ ಹೋಗಿ ಅವನಿಗೆ ಉಣಿಸಿದ, ಮಾತಾಡಿಸಿದ. ಆ ವರದಿಗಳಿಗೆ ಮರುವರ್ಷ ಪುಲಿಟ್ಜರ್ ಪತ್ರಿಕಾ ಪ್ರಶಸ್ತಿ ಬಂತು. ಫೆಬ್ರವರಿ 4ರಂದು ದಾರಿಯೇ ಕುಸಿಯಿತು. ಆಮೇಲೆ ಮೇಲಿನಿಂದ ಬಾವಿ ತೋಡಿದರು. ಯಂತ್ರ ಇಟ್ಟರೆ ನೆಲ ಅದುರಿ ಇನ್ನಷ್ಟು ಕುಸಿದೀತೆಂದು ಕೈಯಲ್ಲೇ ತೋಡಿದರು. 16ರಂದು ತಲುಪಿದಾಗ ಅವನು ಸತ್ತು ಕೆಲವು ದಿನವಾಗಿತ್ತು. ಮೇಲೆ ಸಾವಿರಾರು ಜನ, ಪೂರಾ ಜಾತ್ರೆ.

ಬಿಲ್ಲಿ ವೈಲ್ಡರ್ 1951ರಲ್ಲಿ ‘ಏಸ್ ಇನ್ ದ ಹೋಲ್’ ಮಾಡುವಾಗ ಈ ಜಾತ್ರೆಯನ್ನೇ ಹಿಡಿದ. ಅವನ ಪತ್ರಕರ್ತ, ಸುದ್ದಿ ಬೆಳೆಯಲೆಂದು, ಗೋಡೆಗೆ ಆಸರೆ ಕೊಟ್ಟು ಬೇಗ ಮುಗಿಸಬಹುದಾದ ರಕ್ಷಣೆಯ ಕೆಲಸವನ್ನು ಬಿಡಿಸಿ, ದಿನಗಟ್ಟಲೆ ಹಿಡಿಯುವ ಡ್ರಿಲ್ಲಿಂಗ್ ಶುರು ಮಾಡಿಸುತ್ತಾನೆ. ಗುಹೆಗೆ ಅವಸರವಿಲ್ಲವೆಂದು ಅರ್ಥಮಾಡಿಕೊಂಡ ನಿರ್ದೇಶಕ ಎಂದರೆ ನನ್ನ ಲೆಕ್ಕದಲ್ಲಿ ಇವನೇ ಮೊದಲಿಗ. ಅಲ್ಲಿ ಅವಸರವಿರುವುದು ಮೇಲಿನವರಿಗೆ ಮಾತ್ರ.

2005ರ ‘ದ ಡಿಸೆಂಟ್’ ನಿಮಗೆ ಇಷ್ಟವಾಯಿತೆಂದು ನಿನ್ನೆಯ ಕೂಗಾಟದಲ್ಲೇ ಗೊತ್ತಾಯಿತು. ನಿಜವಾದ ಗುಹೆಯಲ್ಲಿ ಚಿತ್ರೀಕರಣ ಅಪಾಯವೆಂದು ಪೈನ್‌ವುಡ್ ಸ್ಟುಡಿಯೋದಲ್ಲಿ ಸೆಟ್ ಕಟ್ಟಿದರು. ಪಾತ್ರಗಳು ಹೊತ್ತು ತಂದ ಬೆಳಕಿಗೆ ಆದಷ್ಟೂ ಕಟ್ಟುಬಿದ್ದರು, ಅದಕ್ಕೇ ಅಲ್ಲಿನ ಕತ್ತಲೆ ನಂಬಿಕೆ ಹುಟ್ಟಿಸುತ್ತದೆ. ಆದರೆ ಅತ್ಯಂತ ಭಯಂಕರ ಕ್ಷಣ ಗುಹೆಯೊಳಗಿನ ರಾಕ್ಷಸರು ಬರುವುದಲ್ಲ. ತಾವು ಇಳಿದದ್ದು ಹೇಳಿಟ್ಟು ಬಂದ ಗುಹೆಗಲ್ಲ ಎಂದು ಆ ಗೆಳತಿಯರಿಗೆ ಗೊತ್ತಾಗುವ ಕ್ಷಣ. ಯಾವ ಗುಹೆ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸು, ಇದನ್ನು ಹೊರಗೊಬ್ಬರಿಗೆ ತಿಳಿಸದೆ ಯಾರೂ ಇಳಿಯುವುದಿಲ್ಲ. ಹೇಳಿದ ಹೊತ್ತು ಮೀರಿದರೆ ಅವರು ರಕ್ಷಣಾ ತಂಡಕ್ಕೆ ಫೋನ್ ಮಾಡಬೇಕು. ಇಲ್ಲಿ ಮಾಡಿದರೂ ಹುಡುಕುವುದು ಬೇರೆ ಗುಹೆಯನ್ನು. ನನ್ನ ಮಟ್ಟಿಗೆ ರಾಕ್ಷಸರು ಬರುವ ಮೊದಲೇ ಚಿತ್ರ ಮುಗಿದಿತ್ತು.

ಹಗ್ಗದ ವಿಷಯ. ಗುಹೆಗೆ ಒಯ್ಯುವುದು 9ರಿಂದ 11 ಮಿಲಿಮೀಟರ್ ದಪ್ಪದ, ಹೆಚ್ಚು ಹಿಗ್ಗದ ಸ್ಟ್ಯಾಟಿಕ್ ಹಗ್ಗ. ಬಂಡೆ ಹತ್ತುವವರ ಹಿಗ್ಗುವ ಹಗ್ಗದಲ್ಲಿ ಮೇಲೇರಿದರೆ ಪ್ರತಿ ಎಳೆತಕ್ಕೂ ಮೈ ಕುಣಿಯುತ್ತದೆ, ಬಂಡೆಯ ಅಂಚಿಗೆ ಹಗ್ಗ ತಿಕ್ಕುತ್ತದೆ. ಹಾಗೆ ತಿಕ್ಕುವ ಕಡೆ ಇನ್ನೊಂದು ಬೋಲ್ಟ್ ಹೊಡೆದು ಹಗ್ಗವನ್ನು ಮತ್ತೆ ಕಟ್ಟುತ್ತಾರೆ, ಅದೇ ರೀಬಿಲೇ. ಸಿನಿಮಾದಲ್ಲಿ ಒಂದೇ ಬೋಲ್ಟ್, ಒಂದು ಚೂಪು ಅಂಚು, ಎಳೆಎಳೆಯಾಗಿ ಬಿಚ್ಚುವ ಹಗ್ಗ, ಪಿಟೀಲು. ನಿಜಕ್ಕೂ ಹೆದರಬೇಕಾದದ್ದು ಗಟ್ಟಿ ಹಗ್ಗಕ್ಕೇ. ಅದರಲ್ಲಿ ಪ್ರಜ್ಞೆ ತಪ್ಪಿ, ಸೊಂಟ-ತೊಡೆಗೆ ಕಟ್ಟುವ ಹಾರ್ನೆಸ್‌ನಲ್ಲಿ ಅಲುಗದೆ ನೇತುಬಿದ್ದರೆ ರಕ್ತ ಕಾಲಿನಲ್ಲೇ ನಿಂತು ನಿಮಿಷಗಳಲ್ಲಿ ಜೀವಕ್ಕೆ ಸಂಚಕಾರ. ಇಲ್ಲಿ ಮಾತ್ರ ಗುಹೆಗೂ ಸ್ವಲ್ಪ ಅವಸರ ಉಂಟು ಎಂದು ಒಪ್ಪುತ್ತೇನೆ.

ಇನ್ನು ಕಲ್ಲೆಸೆದು ಆಳ ನೋಡುವ ದೃಶ್ಯ. ನಾಲ್ಕು ಸೆಕೆಂಡಿಗೆ ಸದ್ದು ಬಂದರೆ ಸುಮಾರು 70 ಮೀಟರ್. ಎಂಟು ಸೆಕೆಂಡು ಕಾಯಿಸಿದರೆ 250 ಮೀಟರ್ ದಾಟಿತು. ನಾಯಕನ ಹೆಗಲ ಮೇಲೆ ಅಷ್ಟು ಹಗ್ಗ ಇದೆಯೇ ಎಂದು ನೋಡಿ. ಇರುವುದಿಲ್ಲ.

ನೀರಿಗೆ ಬರೋಣ. 1988ರಲ್ಲಿ ಆಸ್ಟ್ರೇಲಿಯಾದ ನಲ್ಲರ್‌ಬಾರ್‌ನಲ್ಲಿ, ಬಿರುಮಳೆಗೆ ಪ್ಯಾನಿಕಿನ್ ಪ್ಲೇನ್ಸ್ ಗುಹೆಯ ಬಾಯಿ ಕುಸಿದು ಆಂಡ್ರ್ಯೂ ವೈಟ್ ಅವರ ಡೈವಿಂಗ್ ತಂಡದವರು ಒಳಗೆ ಸಿಕ್ಕಿಬಿದ್ದರು. ಎಲ್ಲರೂ ಬದುಕಿ ಬಂದರು. ಅದೇ ವೈಟ್ ಇನ್ನೊಬ್ಬರೊಡನೆ ಸೇರಿ ಬರೆದ 2011ರ ಚಿತ್ರ ‘ಸ್ಯಾಂಕ್ಟಮ್’ನಲ್ಲಿ ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಾರೆ! ಗುಹೆಯ ಡೈವಿಂಗ್‌ಗೆ ಮೂಲ ನಿಯಮ ಗಾಳಿಯ ಮೂರು ಪಾಲು: ಒಂದು ಹೋಗಲು, ಒಂದು ಬರಲು, ಒಂದು ಮೀಸಲು. ಹೊರಗಿನಿಂದ ಎಲ್ಲೂ ಕಡಿಯದ ಮಾರ್ಗದಾರ, ಒಬ್ಬೊಬ್ಬರಿಗೆ ಮೂರು ದೀಪ. ದಾರ ಯಾಕೆಂದರೆ, ಒಂದು ಸಲ ಕಾಲು ತಪ್ಪಿ ತಳದ ಕೆಸರಿಗೆ ತಾಗಿದರೆ ನೋಟ ಸೊನ್ನೆ, ಮೂರೂ ದೀಪ ದಂಡ.

2018ರಲ್ಲಿ ಮಳೆನೀರು ತುಂಬಿದ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯ ಕಥೆ ನಿಮಗೆಲ್ಲ ಬಾಯಿಪಾಠ. ಹನ್ನೆರಡು ಹುಡುಗರು, ಒಬ್ಬ ಕೋಚ್. ಜೂನ್ 23ಕ್ಕೆ ಒಳಗೆ ಹೋದವರು ಸಿಕ್ಕಿದ್ದು ಜುಲೈ 2ಕ್ಕೆ. ಹೊರತಂದದ್ದು ಅರಿವಳಿಕೆ ಮದ್ದು ಕೆಟಮಿನ್ ಕೊಟ್ಟು ಮಲಗಿಸಿ, ಕೈ ಕಟ್ಟಿ, ಮುಖವಿಡೀ ಮುಚ್ಚುವ ಮಾಸ್ಕ್ ಹಾಕಿ. ದಾರಿಯಲ್ಲಿ ಮದ್ದಿನ ಪ್ರಭಾವ ಇಳಿದರೆ ಡೈವರ್‌ಗಳೇ ಇನ್ನೊಂದು ಸೂಜಿ ಚುಚ್ಚಬೇಕು. ಕಥೆಗಾರ ಇದನ್ನು ಬರೆದಿದ್ದರೆ ನೀವೇ ನಗುತ್ತಿದ್ದಿರಿ. ಇದೇ ಘಟನೆಯ ‘ಥರ್ಟೀನ್ ಲೈವ್ಸ್’ ಚಿತ್ರದಲ್ಲಿ ರಾನ್ ಹೊವರ್ಡ್ ಗಡಿಬಿಡಿ ಮಾಡುವುದಿಲ್ಲ. ಗುಡ್ಡದ ಮೇಲೆ ನೀರು ತಿರುಗಿಸುವವರನ್ನೂ, ಆ ನೀರಿಗೆ ಗದ್ದೆ ಬಿಟ್ಟುಕೊಟ್ಟ ರೈತರನ್ನೂ ಅಷ್ಟೇ ನಿಧಾನವಾಗಿ ತೋರಿಸುತ್ತಾನೆ.

ಅಧ್ಯಕ್ಷರಿಂದ ಚೀಟಿ ಬಂತು. ಐದು ನಿಮಿಷವಂತೆ. ಗಾಳಿಯ ಬಗ್ಗೆ ಉದ್ದ ಟಿಪ್ಪಣಿ ಇತ್ತು, ಇಷ್ಟೇ ಹೇಳುತ್ತೇನೆ: ಮುಚ್ಚಿದ ಜಾಗದಲ್ಲಿ ಆಮ್ಲಜನಕ ಮುಗಿಯುವ ಬಹಳ ಮೊದಲೇ ಇಂಗಾಲದ ಡೈಆಕ್ಸೈಡ್ ಕಾಡುತ್ತದೆ. ಶೇಕಡಾ 3-4 ಆದರೆ ಏದುಸಿರು, ತಲೆನೋವು. ಏದುಸಿರು ಬಿಡುವವರು ಸಿನಿಮಾದವರಂತೆ ಭಾಷಣ ಮಾಡಲಾರರು.

ಯೂಟಾದ ನಟ್ಟಿ ಪಟ್ಟಿ ಗುಹೆಯಲ್ಲಿ 2009ರಲ್ಲಿ ತಲೆಕೆಳಗಾಗಿ ಸಿಕ್ಕಿಕೊಂಡ ಒಬ್ಬರ ಬಗ್ಗೆಯೂ ಚಿತ್ರವಿದೆ. ಎಳೆಯಲು ಹೂಡಿದ ರಾಟೆಯ ಆಧಾರ ಬಂಡೆಯಿಂದ ಕಿತ್ತುಬಂತು. ಸುಮಾರು 27 ಗಂಟೆ ತಲೆಕೆಳಗಾಗಿದ್ದ ದೇಹ ತಡೆಯಲಿಲ್ಲ. ಗುಹೆಯನ್ನು ಮುಚ್ಚಿದರು.

‘ಇಲ್ ಬೂಕೊ’ ಬಗ್ಗೆ ಹೇಳದೆ ಇಳಿಯುವುದಿಲ್ಲ. 2021ರ ಇಟಾಲಿಯನ್ ಚಿತ್ರ. 1961ರಲ್ಲಿ ಕಲಾಬ್ರಿಯಾದ ಬಿಫುರ್ತೊ ಕಂದರವನ್ನು ಅಳೆದವರದು. 680 ಮೀಟರಿಗೂ ಮಿಕ್ಕಿದ ಆಳ. ಅಪಘಾತವಿಲ್ಲ, ಸಂಗೀತವಿಲ್ಲ, ಉರಿಯುವ ಪತ್ರಿಕೆಯ ಹಾಳೆಯನ್ನು ಒಳಗೆ ಬಿಟ್ಟು ಅದು ಇಳಿಯುವುದನ್ನು ನೋಡುತ್ತಾರೆ. ಮೊನ್ನೆ ಅರ್ಧಕ್ಕೇ ಎದ್ದುಹೋದವರು ಇವತ್ತು ರಾತ್ರಿಯ ಮರುಪ್ರದರ್ಶನಕ್ಕೆ ಬನ್ನಿ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಿನಿಂದ ಕೈ ಎತ್ತಿಕೊಂಡೇ ಇದ್ದಾರೆ, ಪ್ರಶ್ನೆಗಳನ್ನು ಅವರಿಂದಲೇ ಶುರು ಮಾಡೋಣ.