ಮೊಟ್ಟೆ ಯಾರ ತಟ್ಟೆಗೆ?

ಕೇಳುಗರಿಗೆಲ್ಲ ನಮಸ್ಕಾರ. ಹಾಸನ, ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ತೋಟದಲ್ಲೋ ಅಡುಗೆಮನೆಯಲ್ಲೋ ರೇಡಿಯೋ ಹಾಕಿಕೊಂಡು ಕೂತಿರುವ ಎಲ್ಲರಿಗೂ. ಇವತ್ತಿನ ಮಾತು ಮಕ್ಕಳ ಅಪೌಷ್ಟಿಕತೆ ಬಗ್ಗೆ. ನಾನು ಹೇಳುತ್ತಿರುವುದು ಮುಖ್ಯವಾಗಿ ಗಂಡಸರಿಗೆ, ಆಮೇಲೆ ಅತ್ತೆಯಂದಿರಿಗೆ. ದಯವಿಟ್ಟು ಎದ್ದು ಹೋಗಬೇಡಿ. ಹತ್ತು ನಿಮಿಷ ಅಷ್ಟೇ.

ಅಪೌಷ್ಟಿಕತೆ ಅಂದ ಕೂಡಲೇ ಎಲುಬು ಕಾಣುವ ಮಗುವಿನ ಫೋಟೋ ನೆನಪಾಗುತ್ತದೆ, ಅಲ್ವಾ? ನಮ್ಮ ಕಡೆ ಜಾಸ್ತಿ ಇರುವುದು ಬೇರೆ ಥರದ್ದು. ಮಗು ಓಡಾಡಿಕೊಂಡಿರುತ್ತದೆ, ಕೆನ್ನೆಯೂ ತುಂಬಿರುತ್ತದೆ. ವಯಸ್ಸಿಗೆ ತಕ್ಕ ಎತ್ತರ ಮಾತ್ರ ಇರುವುದಿಲ್ಲ. "ಅವರಪ್ಪನೂ ಕುಳ್ಳನೇ ಬಿಡಿ" ಅಂದು ಸುಮ್ಮನಾಗುತ್ತೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ಹೀಗೇ ಇದ್ದಾರೆ. ಅದೇ ಸಮೀಕ್ಷೆಯಲ್ಲಿ, 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತ ಕಡಿಮೆ. ಈ ಎರಡು ಅಂಕಿಯನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಿ. ಬೆಳವಣಿಗೆ ಕುಂಠಿತ ಆಗುವುದು ಬಸುರಿಯ ಹೊಟ್ಟೆಯಲ್ಲೇ ಶುರು. ಗರ್ಭ ನಿಂತಾಗಿನಿಂದ ಮಗುವಿಗೆ ಎರಡು ವರ್ಷ ತುಂಬುವವರೆಗೆ ಸುಮಾರು ಸಾವಿರ ದಿನ. ಆಗ ತಪ್ಪಿದ್ದನ್ನು ಆಮೇಲೆ ಡಬ್ಬಿಗಟ್ಟಲೆ ಪುಡಿ ಕಲಸಿ ಕುಡಿಸಿದರೂ ತರಲು ಆಗುವುದಿಲ್ಲ.

ಹಾಗಾದರೆ ಸರ್ಕಾರ ಊಟ ಕೊಡುತ್ತಿಲ್ಲವಾ? ಕೊಡುತ್ತಿದೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಬಂತು. ಬಸುರಿ, ಬಾಣಂತಿಯರಿಗೆ ತಿಂಗಳಲ್ಲಿ 25 ದಿನ ಅಂಗನವಾಡಿಯಲ್ಲೇ ಬಿಸಿಯೂಟ. ಅನ್ನ, ತರಕಾರಿ ಸಾಂಬಾರು, ಬೇಯಿಸಿದ ಮೊಟ್ಟೆ, ಹಾಲು, ಕಡ್ಲೇಕಾಯಿ ಚಿಕ್ಕಿ. ಒಳ್ಳೆಯ ಯೋಜನೆ. ಊಟ ಬಂತು, ಸರಿ. ಅದು ಯಾರ ಹೊಟ್ಟೆಗೆ ಹೋಯಿತು? ನಾನು ಕೇಳುವುದು ಇದೊಂದೇ.

ಸಕಲೇಶಪುರದ ಕಡೆ ಒಂದು ಊರು. ಹೆಸರು ಬೇಡ. ನಾನು ಆಗ ಅಂಗನವಾಡಿಗಳ ಮೇಲ್ವಿಚಾರಕಿ. ಐದು ತಿಂಗಳ ಬಸುರಿ ಹುಡುಗಿಯೊಬ್ಬಳು ದಿನಾ ಬರುತ್ತಿದ್ದಳು. ಬಂದವಳು ಸ್ಟೀಲಿನ ಡಬ್ಬಿ ಮುಂದಿಡುತ್ತಿದ್ದಳು. "ಇಲ್ಲೇ ಕೂತು ಉಣ್ಣಮ್ಮ" ಅಂದರೆ, "ಮನೇಲಿ ಉಣ್ತೀನಿ ಮಿಸ್, ಅತ್ತೆ ಕಾಯ್ತಿರ್ತಾರೆ" ಅನ್ನುತ್ತಿದ್ದಳು. ರಿಜಿಸ್ಟರಿನಲ್ಲಿ ಒಂದು ದಿನವೂ ತಪ್ಪದ ಹಾಜರಿ. ಬಸುರಿಯ ತಪಾಸಣೆ, ತೂಕ ಬರೆದಿಡುವ ತಾಯಿ ಕಾರ್ಡಿನಲ್ಲಿ ತೂಕ ಮಾತ್ರ ಇದ್ದಲ್ಲೇ ಇದೆ.

ಒಂದು ದಿನ ಅವಳ ಹಿಂದೆಯೇ ಮನೆಗೆ ಹೋದೆ. ಅತ್ತೆ ನನ್ನೆದುರೇ ಡಬ್ಬಿ ಬಿಚ್ಚಿದರು. ಮುಚ್ಚುಮರೆ ಏನಿಲ್ಲ. ಹೊಲಿಗೆ ದಾರ ಎಳೆದು ಮೊಟ್ಟೆಯನ್ನು ಸರಿಯಾಗಿ ಎರಡು ಹೋಳು ಮಾಡಿದರು. ಒಂದು ಮಗನಿಗೆ, ಒಂದು ಮೊಮ್ಮಗನಿಗೆ. ಹಾಲು ಕಾಫಿ ಪಾತ್ರೆಗೆ ಹೋಯಿತು. ನನಗೂ ಅದರಲ್ಲೇ ಕಾಫಿ! ಚಿಕ್ಕಿ ಮೊಮ್ಮಗನ ಜೇಬಿಗೆ. ಹುಡುಗಿಗೆ ಉಳಿದದ್ದು ಅನ್ನ, ಸಾಂಬಾರು. ಅದೂ ಎಲ್ಲರದಾದ ಮೇಲೆ.

ಆ ಅತ್ತೆ ಕೆಟ್ಟವರೇನಲ್ಲ. "ದುಡಿಯೋ ಗಂಡಸಿಗೆ ಮೊಟ್ಟೆ ಬೇಡ್ವಾ ಮೇಡಮ್? ಇವಳು ಜಾಸ್ತಿ ತಿಂದ್ರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ. ನಾನೂ ಹಿಂಗೇ ಅಲ್ವಾ ಹೆತ್ತಿದ್ದು" ಅಂದರು. ಸೊಸೆಯೂ ಆ ಬೆಳಗ್ಗೆ ಕಾಫಿ ಹಣ್ಣು ಕುಯ್ದು ಬಂದವಳೇ. ಅವಳು ಮಾಡಿದ್ದು ದುಡಿಮೆಯ ಲೆಕ್ಕಕ್ಕೇ ಬಂದಿರಲಿಲ್ಲ.

ಗಂಡ ಬರುವವರೆಗೂ ಕಾದೆ. ಬಂದ, ಕಾಲು ತೊಳೆದ, ಕೂತ, ಅರ್ಧ ಮೊಟ್ಟೆ ಒಂದೇ ತುತ್ತಿಗೆ ಬಾಯಿಗೆ ಹಾಕಿದ. "ಅದು ಎಲ್ಲಿಯ ಮೊಟ್ಟೆ ಗೊತ್ತೇನಪ್ಪಾ?" ಅಂದೆ. "ಅಂಗನವಾಡಿದು." "ಅಂಗನವಾಡಿಗೆ ಸೇರಿರೋದು ನೀನೋ, ಅವಳೋ?" ಅಗಿಯುತ್ತಿದ್ದವನು ಹಾಗೇ ನಿಲ್ಲಿಸಿಬಿಟ್ಟ. ಅತ್ತೆ ಜೋರಾಗಿ ನಕ್ಕರು. ಅವನಿಗೆ ನಿಜವಾಗಲೂ ಗೊತ್ತಿರಲಿಲ್ಲ. ಯಾರು ಹೇಳಿದ್ದರು ಹೇಳಿ? ನಾವು ನಡೆಸುತ್ತಿದ್ದದ್ದೆಲ್ಲ ತಾಯಂದಿರ ಸಭೆ.

ಮಾರನೇ ದಿನದಿಂದ ಅವನೇ ಬೈಕಿನಲ್ಲಿ ಕರೆತಂದು, ಅವಳು ಉಂಡು ಕೈ ತೊಳೆಯುವವರೆಗೆ ಹೊರಗೆ ಕೂರುತ್ತಿದ್ದ. ತೂಕ ನೋಡುವ ದಿನ ಅತ್ತೆಯನ್ನೂ ಕರೆಸಿದೆವು. ಮುಂದಿನ ತಿಂಗಳಿಂದ ತೂಕ ಏರತೊಡಗಿತು. ಅದೇ ಊಟ, ಅದೇ ಖರ್ಚು.

ನೋಡಿ, ಕತೆ ಉದ್ದವಾಯಿತು. ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ. ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದು ಗಂಟೆಯಾದರೂ ಬಿಡುವಿರಲಿ. ನಿಂಬೆ ಪಾನಕದ ಜೊತೆ ಆದರೆ ಒಳ್ಳೆಯದು. ಕಾಫಿ ಸೀಮೆಯಲ್ಲಿ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ.

2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದೂ ಯಜಮಾನಿ ಖಾತೆಗೇ. ಕಾರ್ಡಿನಲ್ಲಿ ಯಜಮಾನಿ, ಊಟಕ್ಕೆ ಮಾತ್ರ ಕೊನೆಯವಳು! ಇದ್ಯಾವ ನ್ಯಾಯ?

ಮಗು ನೋಡಿಕೊಳ್ಳುವವರಿಲ್ಲದೆ ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ತಾಯಂದಿರು ಹಾಲೂಡಿಸುವುದನ್ನು ಬೇಗ ಬಿಡಿಸುತ್ತಾರೆ. ತೋಟದಲ್ಲಿ ಶಿಶುವಿಹಾರ ಇರಬೇಕೆಂಬ ಮಾತು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ತೋಟದ ಮಾಲೀಕರು ಕೇಳುತ್ತಿದ್ದರೆ ಇದನ್ನು ಸ್ವಲ್ಪ ಗಮನಿಸಿ.

ಯೋಜನೆ ನಡೆಸುವವರಿಗೂ ಒಂದು ಮಾತು. ಎಷ್ಟು ಊಟ ಬಡಿಸಿದಿರಿ ಅಂತ ಬರೆಯುತ್ತೀರಿ, ಯಾರು ಉಂಡರು ಅಂತಲೂ ಬರೆಯಿರಿ. ಅಪೌಷ್ಟಿಕತೆ ತಡೆಯಲು ಕೇಂದ್ರ ಸರ್ಕಾರ ತಂದ ಪೋಷಣ್ ಅಭಿಯಾನದಲ್ಲಿ ಗಂಡಂದಿರಿಗೆ ತಿಳಿಹೇಳುವ ಕಾರ್ಯಕ್ರಮ ಇದೆ. ಅದನ್ನು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಯಾರು ಬರುತ್ತಾರೆ? ತೋಟಕ್ಕೆ ರಜೆ ಇರುವ ಸಂತೆ ದಿನ ಇಡಿ.

ಇನ್ನು ಗಂಡಂದಿರೇ, ತಾಯಿ ಕಾರ್ಡ್ ಮನೆಯಲ್ಲಿ ಎಲ್ಲಿದೆ ಅಂತ ಗೊತ್ತಾ? ಇವತ್ತು ಸಂಜೆ ಹುಡುಕಿ. ತೂಕ ಬರೆದಿರುವ ಪುಟ ತೆಗೆದು ನೋಡಿ. ಅರ್ಥವಾಗದಿದ್ದರೆ ಅಂಗನವಾಡಿ ಟೀಚರನ್ನು ಕೇಳಿ, ಬಿಡಿಸಿ ಹೇಳುತ್ತಾರೆ. ನಮಸ್ಕಾರ.